ಎದುರಿಗೆ ಐವರು, ಈಚೆ ನಾನೊಬ್ಬಳು

ಬಾಗಿಲು ತಳ್ಳಿ ಒಳಗೆ ಹೋದವಳು ಮೊದಲು ಎಣಿಸಿದ್ದು ನೀರಿನ ಬಾಟಲಿಗಳನ್ನು. ಉದ್ದನೆಯ ಮೇಜಿನ ಆಚೆ ಐದು, ಈಚೆ ಒಂದು. ಆಮೇಲಷ್ಟೇ ಮುಖಗಳತ್ತ ನೋಡಿದೆ. ಒಬ್ಬರು ನಗುತ್ತಿದ್ದರು. ಇಬ್ಬರು ನನ್ನ ಬಯೋಡೇಟಾ ತಿರುವಿಹಾಕುತ್ತಿದ್ದರು. ಒಬ್ಬರು ಫೋನಿನಲ್ಲಿದ್ದರು. ಕೊನೆಯವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲೇ ಇಲ್ಲ. ಕೂತುಕೊಳ್ಳಿ ಅಂದರು, ಕೂತೆ. ಬ್ಯಾಗನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಅವಚಿಕೊಂಡೆ. ಮುಂದಿನ ಮೂವತ್ತೈದು ನಿಮಿಷ ಹಾಗೇ ಕೂತಿದ್ದೆ ಎಂಬುದು ಹೊರಗೆ ಬಂದ ಮೇಲೆ ತೋಳು ನೋಯತೊಡಗಿದಾಗ ಗೊತ್ತಾಯಿತು.

ಇದು 2024ರ ಆರಂಭದ ಮಾತು. ಜಾಗ ಹೈದರಾಬಾದಿನ ಹೊರವಲಯ, ಪಟಾಣ್‌ಚೆರು ಕಡೆಯ ಒಂದು ಔಷಧ ಕಾರ್ಖಾನೆ. ನಾನು ರಾಣೆಬೆನ್ನೂರಿನವಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ, ಮದುವೆಯಾಗಿ ಈ ಊರಿಗೆ ಬಂದೆ. ಮಾತ್ರೆ ತಯಾರಿಸುವ ಒಂದು ಕಂಪನಿಯ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ, ಅಂದರೆ ಕ್ಯೂಸಿಯಲ್ಲಿ, ಒಂಬತ್ತು ವರ್ಷ ಕೆಲಸ ಮಾಡಿದೆ. 2017ರಲ್ಲಿ ಮಗ ಹುಟ್ಟಿದ. ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ ತಿದ್ದುಪಡಿ ಬಂದದ್ದೂ ಅದೇ ವರ್ಷ. ಆ ರಜೆ ಇನ್ನೇನು ಮುಗಿಯಬೇಕು, ಮಾವನವರಿಗೆ ಪಾರ್ಶ್ವವಾಯು ಹೊಡೆಯಿತು. ಒಂದು ಕೋಣೆಯಲ್ಲಿ ಕೂಸು, ಇನ್ನೊಂದು ಕೋಣೆಯಲ್ಲಿ ಮಾವ. ರಾಜೀನಾಮೆ ಬರೆದುಕೊಟ್ಟೆ. ಆಮೇಲೆ ಕೊರೊನಾ ಬಂತು. ಮಾವನವರು ತೀರಿಕೊಂಡರು. ಮಗ ಶಾಲೆಗೆ ಹೋಗತೊಡಗಿದ. ನೋಡನೋಡುತ್ತಲೇ ಏಳು ವರ್ಷ ಕಳೆದಿತ್ತು.

ಮತ್ತೆ ಕೆಲಸ ಹುಡುಕಲು ಹೊರಟದ್ದು ಬರೀ ಹಂಬಲದಿಂದಲ್ಲ. ನಮ್ಮ ಮನೆಯವರ ಕಂಪನಿಯಲ್ಲಿ ಎರಡು ಸುತ್ತು ಜನರನ್ನು ಮನೆಗೆ ಕಳಿಸಿದ್ದರು. ಮೂರನೆಯ ಸುತ್ತಿನ ಪಟ್ಟಿ ಸಿದ್ಧವಾಗುತ್ತಿದೆ ಎಂಬ ಸುದ್ದಿ ಇತ್ತು. ಫ್ಲ್ಯಾಟಿನ ಸಾಲದ ಕಂತು ಇನ್ನೂ ಹನ್ನೊಂದು ವರ್ಷ ಬಾಕಿ. ರಾತ್ರಿ ಇಬ್ಬರೂ ಎಚ್ಚರವಾಗಿದ್ದೂ ನಿದ್ದೆ ಬಂದವರಂತೆ ಮಲಗುತ್ತಿದ್ದ ದಿನಗಳವು. ಪರ ಊರಿನಲ್ಲಿ ಸಂಸಾರ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಮೊದಲ ಇಂಟರ್‌ವ್ಯೂ ಹೇಗಾಯಿತು? ನಗುತ್ತಿದ್ದವರು ಕ್ಯೂಸಿ ಮುಖ್ಯಸ್ಥರು. ಅವರು ಕೇಳಿದ ಪ್ರಶ್ನೆಗಳು ನನ್ನ ಕೆಲಸದವು. ಉತ್ತರವೆಲ್ಲ ಅವರಿಗೇ ಹೇಳಿದೆ, ಅವರ ಮುಖವನ್ನೇ ನೋಡುತ್ತ. ಬೇರೆಯವರು ಕೇಳಿದ ಪ್ರಶ್ನೆಗೂ ಅವರ ಕಡೆಗೇ ತಿರುಗಿ ಉತ್ತರಿಸಿದೆ. "ಏಳು ವರ್ಷ ಏನು ಮಾಡಿದಿರಿ?" ಎಂದು ಎಚ್‌ಆರ್ ಕೇಳಿದಾಗ ಕೂಸಿನಿಂದ ಶುರುಮಾಡಿ ಮಾವನ ಫಿಸಿಯೋಥೆರಪಿಯವರೆಗೆ ಹೇಳಿದೆ, ನಡುನಡುವೆ ನಾಲ್ಕು ಸಲ ಸಾರಿ ಅಂದೆ. "ಎರಡನೇ ಮಗುವಿನ ಯೋಚನೆ ಇದೆಯಾ?" ಎಂದು ಒಬ್ಬರು ಕೇಳಿದರು. ಅದು ಕೇಳಬಾರದ ಪ್ರಶ್ನೆ ಎಂದು ಹೊಳೆಯುವ ಮೊದಲೇ ಅದಕ್ಕೂ ಉದ್ದನೆಯ ಉತ್ತರ ಕೊಟ್ಟಿದ್ದೆ. ಕಳಿಸುವಾಗ "ತಿಳಿಸುತ್ತೇವೆ" ಅಂದರು. ತಿಳಿಸಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಗದಗ ಕಡೆಯ ಹಿರಿಯ ದಂಪತಿ ಇದ್ದಾರೆ. ನಮಗೆ ಕಾಕಾ, ಕಾಕು. ಕಾಕಾ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಕೊನೆಯ ಹತ್ತು ವರ್ಷ ಬಡ್ತಿಯ ಸಂದರ್ಶನ ಮಂಡಳಿಗಳಲ್ಲಿ ಕೂತವರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮವಿದ್ದರೆ ನಮ್ಮನ್ನೂ ಕಾರಿನಲ್ಲಿ ಹತ್ತಿಸಿಕೊಂಡು ಹೋಗುವವರು. ಆ ವಾರ ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದರು: "ಏನ್ ತಂಗಿ, ಮಾರಿ ಯಾಕ ಹಿಂಗ್ ಬಾಡೈತಿ?"

ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ರವಿವಾರ ಸಂಜೀಕ ಬಾ. ನಿನ್ನ ಗಂಡನ್ನೂ ಕರಕೊಂಡು ಬಾ" ಅಂದರು.

ಭಾನುವಾರ ಹೋದರೆ ಊಟದ ಮೇಜಿನ ಒಂದು ಬದಿ ಐದು ಕುರ್ಚಿ ಸಾಲಾಗಿ ಇಟ್ಟಿದ್ದರು. ಕಾಕಾ, ಕಾಕು, ಅವರ ಮಗಳು, ನಮ್ಮ ಮನೆಯವರು ಕೂತರು. ಐದನೆಯ ಕುರ್ಚಿ ಖಾಲಿ. "ಅದರಾಗ ಬಾಯಿ ಬಿಡದ ಸಾಹೇಬ ಕುಂತಾನ ಅಂತ ತಿಳ್ಕೋ" ಅಂದರು ಕಾಕಾ. ಎದುರಿನ ಒಂಟಿ ಕುರ್ಚಿ ನನಗೆ. ನಗು ಬಂತು. ಪ್ರಶ್ನೆ ಶುರುವಾದ ಮೇಲೆ ನಗು ಹೋಯಿತು.

ಅರ್ಧ ಗಂಟೆ ಆದ ಮೇಲೆ ಕಾಕಾ ಪೆನ್ನು ಕೆಳಗಿಟ್ಟರು. "ತಂಗಿ, ನೀ ಹೇಳಿದ್ದು ತಪ್ಪಿಲ್ಲ. ಆದ್ರ ಒಬ್ಬಾತ ಪ್ರಶ್ನೆ ಕೇಳಿದ್ರ ಉತ್ತರ ಕೇಳಾವ್ರು ಐದ್ ಮಂದಿ ಇರ್ತಾರ. ಅವರ ಐದೂ ಮಂದಿ ತಲ್ಯಾಗ ಬ್ಯಾರೆ ಬ್ಯಾರೆ ಚಿಂತಿ ಇರ್ತಾವ. ನಿನ್ನ ಕೆಲಸದಾಗ ಆ ಐದು ಚಿಂತಿ ಯಾವುವು, ಹೇಳು ನೋಡೋಣ?"

ಯೋಚಿಸಿದಷ್ಟೂ ಅದು ಸ್ಪಷ್ಟವಾಯಿತು. ನನಗೆ ಆ ಜಗತ್ತು ಗೊತ್ತಿತ್ತು, ಆದರೆ ಮೇಜಿನ ಆಚೆಯಿಂದ ಎಂದೂ ನೋಡಿರಲಿಲ್ಲ. ಕ್ಯೂಸಿ ಮುಖ್ಯಸ್ಥರ ಚಿಂತೆ: ಈಕೆಗೆ ಇನ್ನೂ ಕೈ ಪಳಗಿದೆಯೇ, ಬರುವ ತಿಂಗಳು ಯಂತ್ರದ ಮುಂದೆ ನಿಲ್ಲಿಸಬಹುದೇ? ಗುಣಮಟ್ಟ ಭರವಸೆಯವರದು, ಅಂದರೆ ಕ್ಯೂಎಯವರದು: ತಪ್ಪಾದಾಗ ಮುಚ್ಚಿಡುತ್ತಾಳೆಯೇ? ಉತ್ಪಾದನೆ ವಿಭಾಗದವರದು: ನನ್ನ ಬ್ಯಾಚಿನ ವರದಿ ಹೊತ್ತಿಗೆ ಸರಿಯಾಗಿ ಸಿಗುತ್ತದೆಯೇ? ಎಚ್‌ಆರ್‌ನವರದು: ಆರು ತಿಂಗಳಿಗೇ ಬಿಟ್ಟುಹೋದರೆ? ಕಾರ್ಖಾನೆಯ ಮುಖ್ಯಸ್ಥರದು: ವಿದೇಶಿ ತಪಾಸಣೆಯವರು ಬಂದು ಎದುರು ಕೂತಾಗ ಈಕೆ ಗಾಬರಿಯಾಗದೆ ಮಾತನಾಡಬಲ್ಲಳೇ? ಮೊದಲ ಸಲ ನಾನು ಒಬ್ಬರ ಚಿಂತೆಯನ್ನಷ್ಟೇ ನೀಗಿಸಿ ಎದ್ದುಬಂದಿದ್ದೆ. ಉಳಿದ ನಾಲ್ವರು ತಮ್ಮ ಚಿಂತೆಯನ್ನು ಹಾಗೇ ಇಟ್ಟುಕೊಂಡು ಕೂತಿದ್ದರು.

ಎರಡನೆಯ ಪಾಠ ಕಲಿಸಿದವರು ಕಾಕು. ಅವರು ಜೀವಮಾನದಲ್ಲಿ ಯಾವ ಇಂಟರ್‌ವ್ಯೂಗೂ ಹೋದವರಲ್ಲ. ಅವಲಕ್ಕಿ ತಟ್ಟೆ ಮುಂದಿಡುತ್ತ ಅಂದರು: "ಮಾತಿಗೊಮ್ಮೆ ನಾವು ಮಾಡಿದ್ವಿ, ನಾವು ನೋಡಿದ್ವಿ ಅಂತೀಯಲ್ಲವಾ, ಅದರಾಗ ನೀ ಎಲ್ಲಿದ್ದಿ?"

ಮೇಜು ಒಂದು ಕ್ಷಣ ಸುಮ್ಮನಾಯಿತು. ನಮ್ಮ ಕಡೆ "ನಾನು ಮಾಡಿದೆ" ಎಂದರೆ ಜಂಬ. ಮನೆಯಲ್ಲಿ, ಶಾಲೆಯಲ್ಲಿ ಹಾಗೇ ಬೆಳೆದವರು ನಾವು. ಲ್ಯಾಬಿನಲ್ಲಿ ಒಬ್ಬಳೇ ರಾತ್ರಿ ಪಾಳಿಯಲ್ಲಿ ಕೂತು ಬಗೆಹರಿಸಿದ್ದನ್ನೂ "ನಮ್ಮ ಟೀಮ್ ಮಾಡಿತು" ಎಂದೇ ಹೇಳಿದ್ದೆ. ಆದರೆ ಪ್ಯಾನೆಲ್‌ನವರು ಕೆಲಸಕ್ಕೆ ತೆಗೆದುಕೊಳ್ಳುವುದು ಟೀಮನ್ನಲ್ಲ. "ನಾವು" ಎಂದಾಗ ಅವರ ಅಂಕಪಟ್ಟಿಯಲ್ಲಿ ಬರೆಯಲು ಏನೂ ಸಿಗುವುದಿಲ್ಲ. ಸುಳ್ಳು ಹೇಳಬೇಕಾಗಿಲ್ಲ. ಟೀಮ್ ಮಾಡಿದ್ದನ್ನು ಟೀಮಿಗೆ ಕೊಟ್ಟು, ತಾನು ಮಾಡಿದ್ದನ್ನು ತನ್ನದೆಂದು ಹೇಳಿದರೆ ಸಾಕು. ಇದು ನನಗೆ ಕೆಮಿಸ್ಟ್ರಿಗಿಂತ ಕಷ್ಟವಾಯಿತು. ಎರಡು ವಾರ ಅಡುಗೆಮನೆಯಲ್ಲಿ "ನಾನು ಗಮನಿಸಿದೆ, ನಾನು ತಿಳಿಸಿದೆ, ನಾನು ಬದಲಿಸಿದೆ" ಎಂದು ಕುಕ್ಕರಿಗೆ ಹೇಳುತ್ತ ನಿಂತಿದ್ದೆ. ಮಗ ಬಂದು "ಅಮ್ಮಾ, ಯಾರ ಜೊತಿ ಮಾತಾಡ್ತೀ?" ಎಂದು ಕೇಳಿದ.

ಹಲವರ ಎದುರು ಕೂತು ಪರೀಕ್ಷೆಗೆ ಒಳಗಾಗುವುದು ನಮ್ಮ ದೇಶಕ್ಕೆ ಹೊಸದಲ್ಲ. ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳಲ್ಲಿ 275 ಅಂಕ ಸಂದರ್ಶನಕ್ಕೇ ಮೀಸಲು. ಇನ್ನೊಂದೆಡೆ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಮುಖ ನೋಡಿ ಮಣೆ ಹಾಕುವುದು ತಪ್ಪಲಿ ಎಂಬುದು ಅದರ ಉದ್ದೇಶ. ಖಾಸಗಿ ಕಂಪನಿಗಳು ಅದೇ ದೋಷಕ್ಕೆ ಬೇರೆ ಮದ್ದು ಹುಡುಕಿಕೊಂಡಿವೆ: ಒಬ್ಬರ ಬದಲು ಹಲವರು ಕೂರುವುದು, ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ ಕೇಳುವುದು, ಪ್ರತಿಯೊಬ್ಬರೂ ಬೇರೆಬೇರೆಯಾಗಿ ಅಂಕ ಹಾಕಿ ಕೊನೆಗೆ ಹೋಲಿಸಿ ನೋಡುವುದು. ಇದರ ಹಿಂದೆ ಸಂಶೋಧನೆಯೂ ಇದೆ. ಅಮೆರಿಕದ ಮನೋವಿಜ್ಞಾನಿಗಳಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಬಾಯಿಗೆ ಬಂದ ಪ್ರಶ್ನೆ ಕೇಳುವ ಸಂದರ್ಶನಕ್ಕಿಂತ ಮೊದಲೇ ಗೊತ್ತುಮಾಡಿದ ಪ್ರಶ್ನೆಗಳ ಸಂದರ್ಶನವೇ ಮುಂದೆ ಕೆಲಸ ಹೇಗೆ ಮಾಡುತ್ತಾರೆಂಬುದನ್ನು ಚೆನ್ನಾಗಿ ಹೇಳುತ್ತದೆ ಎಂದು ತೋರಿಸಿದರು. ಪೌಲ್ ಸ್ಯಾಕೆಟ್ ಮತ್ತು ಜೊತೆಗಾರರು 2022ರಲ್ಲಿ ಅದೇ ಲೆಕ್ಕವನ್ನು ಮತ್ತೆ ಪರಿಶೀಲಿಸಿದಾಗ ಹಲವು ಅಂಕಿಗಳು ಕೆಳಗಿಳಿದವು. ಆದರೂ ಕ್ರಮಬದ್ಧ ಸಂದರ್ಶನವೇ ಪಟ್ಟಿಯ ಮೇಲುಗಡೆ ಉಳಿಯಿತು.

ನಮ್ಮಂಥವರಿಗೆ ಇದರಲ್ಲಿ ಒಂದು ಒಳ್ಳೆಯ ಸುದ್ದಿಯಿದೆ. ಪ್ರಶ್ನೆಗಳು ಮೊದಲೇ ಗೊತ್ತುಮಾಡಿದವಾದರೆ ಅವುಗಳ ಜಾತಿಯನ್ನು ಊಹಿಸಬಹುದು. "ನೀವು ಮಾಡಿದ ಒಂದು ತಪ್ಪು ಹೇಳಿ", "ಮೇಲಿನವರ ಜೊತೆ ಅಭಿಪ್ರಾಯ ಭೇದ ಬಂದದ್ದು ಹೇಳಿ", "ಹೊತ್ತು ಸಾಲದಾಗ ಏನು ಮಾಡಿದಿರಿ" ಎಂಬಂಥವು. ನಾನು ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ನನ್ನ ಒಂಬತ್ತು ವರ್ಷದ ಕೆಲಸದಿಂದ ಎಂಟು ಘಟನೆ ಬರೆದುಕೊಂಡೆ. ಪ್ರತಿ ಘಟನೆಗೂ ನಾಲ್ಕೇ ಸಾಲು: ಏನು ನಡೆದಿತ್ತು, ನನ್ನ ಹೊಣೆ ಏನಿತ್ತು, ನಾನು ಏನು ಮಾಡಿದೆ, ಕೊನೆಗೆ ಏನಾಯಿತು. ಪೂರ್ತಿ ಉತ್ತರ ಬರೆದು ಬಾಯಿಪಾಠ ಮಾಡಬೇಡ ಎಂದು ಕಾಕಾ ಎಚ್ಚರಿಸಿದ್ದರು. ಬಾಯಿಪಾಠದ ಉತ್ತರ ನಡುವೆ ಒಂದು ಶಬ್ದ ಮರೆತರೆ ನಿಂತುಬಿಡುತ್ತದೆ. ಘಟನೆ ನೆನಪಿದ್ದರೆ ಮಾತು ತಾನೇ ಬರುತ್ತದೆ.

ಜೊತೆಗೆ ಓದಿದೆ. ಏಳು ವರ್ಷದಲ್ಲಿ ಬದಲಾದದ್ದು ಕಡಿಮೆಯೇನಲ್ಲ. ಔಷಧ ತಯಾರಿಕೆಗೆ ನಮ್ಮ ದೇಶದ ನಿಯಮವಾದ ಶೆಡ್ಯೂಲ್ ಎಂ ಅನ್ನು 2023ರ ಡಿಸೆಂಬರ್ ಕೊನೆಯಲ್ಲಿ ಪರಿಷ್ಕರಿಸಿ ಹೊರಡಿಸಿದ್ದರು. ಪರೀಕ್ಷಾ ವಿಧಾನ ಸರಿಯಿದೆ ಎಂದು ಸಾಬೀತುಪಡಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅದೇ ವರ್ಷದ ನವೆಂಬರಿನಲ್ಲಿ ಹೊಸ ರೂಪ ಪಡೆದಿತ್ತು. ಮಗ ಶಾಲೆಗೆ ಹೋದ ಮೇಲೆ ದಿನಕ್ಕೆ ಎರಡು ತಾಸು ಇವನ್ನೇ ಓದಿದೆ. ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ, ಈಗ ಲ್ಯಾಬಿನಲ್ಲಿ ಏನು ಬದಲಾಗಿದೆ ಎಂದು ನಾಚಿಕೆ ಬಿಟ್ಟು ಕೇಳಿದೆ.

ಮೂರು ತಿಂಗಳ ನಂತರ ಇನ್ನೊಂದು ಕಾರ್ಖಾನೆಯಿಂದ ಕರೆ ಬಂತು. ಈ ಸಲ ಕರೆದವರಿಗೆ ನಾನೇ ಫೋನ್ ಮಾಡಿ ಕೇಳಿದೆ: ಎಷ್ಟು ಜನ ಇರುತ್ತಾರೆ, ಯಾವ ಯಾವ ವಿಭಾಗದವರು, ಸುಮಾರು ಎಷ್ಟು ಹೊತ್ತು? ಕೇಳಬಾರದೇನೋ ಎಂದು ಅಳುಕಿತ್ತು. ಅವರು ಸಲೀಸಾಗಿ ಹೇಳಿದರು. ಐವರು, ನಲವತ್ತು ನಿಮಿಷ. ಅಷ್ಟು ತಿಳಿದದ್ದೇ ಅರ್ಧ ಭಯ ಇಳಿಸಿತು.

ಮಿಯಾಪುರದಿಂದ ಬಸ್ಸು ಹಿಡಿದು ಒಂದು ತಾಸು ಮೊದಲೇ ತಲುಪಿದೆ. ಒಳಗೆ ಹೋದವಳು ಬ್ಯಾಗನ್ನು ಕುರ್ಚಿಯ ಪಕ್ಕ ನೆಲದ ಮೇಲಿಟ್ಟೆ. ಐವರೂ ಹೆಸರು, ವಿಭಾಗ ಹೇಳಿಕೊಂಡಾಗ ನನ್ನ ಹಾಳೆಯ ಮೇಲೆ ಅವರು ಕೂತ ಸಾಲಿನಲ್ಲೇ ಬರೆದುಕೊಂಡೆ. ಉತ್ತರಿಸುವಾಗ ಕೇಳಿದವರನ್ನು ನೋಡಿ ಶುರುಮಾಡುವುದು, ನಡುವೆ ಉಳಿದವರ ಮುಖದ ಮೇಲೂ ಕಣ್ಣಾಡಿಸುವುದು, ಮುಗಿಸುವಾಗ ಮತ್ತೆ ಕೇಳಿದವರ ಬಳಿಗೆ ಬರುವುದು. ಕಾಕಾ ಮನೆಯ ಖಾಲಿ ಕುರ್ಚಿಯನ್ನು ನೋಡಿ ಮಾತಾಡಿದ್ದು ಇಲ್ಲಿ ನೆರವಿಗೆ ಬಂತು. ಇಲ್ಲಿಯೂ ಲ್ಯಾಪ್‌ಟಾಪಿನಿಂದ ತಲೆ ಎತ್ತದವರು ಒಬ್ಬರಿದ್ದರು.

ಉತ್ಪಾದನೆಯ ಮುಖ್ಯಸ್ಥರು ತೆಲುಗಿನಲ್ಲೇ ಮಾತು ಶುರುಮಾಡಿದರು. ನನ್ನ ತೆಲುಗು ತರಕಾರಿ ಮಾರುಕಟ್ಟೆಯದು. ಮೊದಲ ವಾಕ್ಯ ತೆಲುಗಿನಲ್ಲೇ ಹೇಳಿ, "ತಾಂತ್ರಿಕ ವಿಷಯ ತಪ್ಪಾಗಬಾರದು, ಇಂಗ್ಲಿಷಿನಲ್ಲಿ ಹೇಳಲೇ?" ಎಂದು ಕೇಳಿದೆ. ಅವರು ನಕ್ಕು ತಲೆಯಾಡಿಸಿದರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನನಗೆ ಇಂಗ್ಲಿಷೂ ಸಲೀಸಲ್ಲ. ಚಿಕ್ಕ ಚಿಕ್ಕ ವಾಕ್ಯ ಮಾಡಿಕೊಂಡೆ. ಅವಸರ ಮಾಡಲಿಲ್ಲ. ಭಾಷೆ ಸೊಗಸಾಗಿಲ್ಲವೆಂದು ಯಾರೂ ಹುಬ್ಬೇರಿಸಲಿಲ್ಲ.

ಅವರ ಪ್ರಶ್ನೆ ಇದು: "ಸಂಜೆ ಆರು ಗಂಟೆ. ಗೇಟಿನಲ್ಲಿ ಲಾರಿ ನಿಂತಿದೆ. ನಿಮ್ಮ ಫಲಿತಾಂಶ ಮಿತಿಗಿಂತ ಸ್ವಲ್ಪ ಕೆಳಗೆ ಬಂದಿದೆ. ಇನ್ನೊಂದು ಸಲ ಟೆಸ್ಟ್ ಮಾಡಿ, ಪಾಸಾಗುತ್ತದೆ ಎಂದು ನಾನು ಹೇಳುತ್ತೇನೆ. ಏನು ಮಾಡುತ್ತೀರಿ?"

ಔಷಧ ಲ್ಯಾಬಿನಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹಳೆಯ ನೋವು. ಪಾಸಾಗುವವರೆಗೆ ಪರೀಕ್ಷಿಸುತ್ತ ಹೋಗುವುದು ಸಲ್ಲದು. ಅಮೆರಿಕದಲ್ಲಿ ಬಾರ್ ಲ್ಯಾಬೊರೇಟರೀಸ್ ಪ್ರಕರಣದ 1993ರ ತೀರ್ಪು ಇದನ್ನು ಖಚಿತವಾಗಿ ಹೇಳಿತ್ತು. ಜಗತ್ತಿನ ಲ್ಯಾಬುಗಳ ರೂಢಿಯನ್ನು ಬದಲಿಸಿದ ತೀರ್ಪು ಅದು. ಮೊದಲಿನ ನಾನಾಗಿದ್ದರೆ ನಿಯಮ ಒಪ್ಪಿಸಿ ಸುಮ್ಮನಾಗುತ್ತಿದ್ದೆ. ಆದರೆ ಈಗ ಕೇಳುತ್ತಿದ್ದವರು ಐವರು. ನಿಯಮ ಹೇಳಿದರೆ ಕ್ಯೂಎಯವರಿಗೆ ಖುಷಿ, ಲಾರಿ ಕಾಯುತ್ತಿರುವವರಿಗೆ ಸಿಟ್ಟು. ಲಾರಿಯವರನ್ನು ಓಲೈಸಿದರೆ ಕ್ಯೂಎಯವರು ಅಲ್ಲೇ ನನ್ನ ಹೆಸರು ಹೊಡೆದುಹಾಕುತ್ತಾರೆ.

"ಮರುಪರೀಕ್ಷೆ ಮಾಡುವುದಿಲ್ಲ ಸರ್" ಎಂದೆ. "ದ್ರಾವಣಗಳನ್ನು ಚೆಲ್ಲುವುದಿಲ್ಲ, ಮೇಲಿನವರಿಗೆ ಕೂಡಲೇ ತಿಳಿಸುತ್ತೇನೆ. ತೂಕ, ಬಳಸಿದ ಗಾಜಿನ ಸಾಮಾನು, ಲೆಕ್ಕ, ಸ್ಟ್ಯಾಂಡರ್ಡ್, ಯಂತ್ರದ ಸ್ಥಿತಿ ಇವನ್ನು ಮೊದಲು ಪರಿಶೀಲಿಸುತ್ತೇನೆ. ಲ್ಯಾಬಿನ ತಪ್ಪು ಸಾಬೀತಾದರೆ ಕ್ಯೂಎ ಒಪ್ಪಿದ ಕ್ರಮದಲ್ಲಿ ಮುಂದಿನ ಪರೀಕ್ಷೆ. ತಪ್ಪು ಸಿಗದಿದ್ದರೆ ತನಿಖೆ ಉತ್ಪಾದನೆಗೂ ಹೋಗುತ್ತದೆ. ಮೊದಲ ಫಲಿತಾಂಶ ದಾಖಲೆಯಲ್ಲಿ ಉಳಿಯುತ್ತದೆ. ಆದರೆ ನಿಮ್ಮನ್ನು ಕಾಯಿಸುವುದಿಲ್ಲ. ಲಾರಿ ಇವತ್ತು ಹೋಗುವುದಿಲ್ಲ ಎಂದು ಆರೂ ಕಾಲಿಗೇ ಫೋನ್ ಮಾಡುತ್ತೇನೆ. ಲ್ಯಾಬಿನ ಮೊದಲ ಹಂತದ ಪರಿಶೀಲನೆ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಆಗಲೇ ಹೇಳುತ್ತೇನೆ. ಡ್ರೈವರನ್ನು ರಾತ್ರಿಯೆಲ್ಲ ಕೂರಿಸುವ ಕೆಲಸ ನಿಮಗೆ ಬರುವುದಿಲ್ಲ."

ಉತ್ಪಾದನೆಯವರು ಪಕ್ಕದ ಕ್ಯೂಎಯವರತ್ತ ನೋಡಿದರು. ಅವರು ಏನೋ ಬರೆದುಕೊಂಡರು. ಇಬ್ಬರೂ ಏನೂ ಹೇಳಲಿಲ್ಲ.

ಆಮೇಲೆ ಆ ಕ್ಯೂಎಯವರೇ ಕೇಳಿದರು, ನೀವು ಮಾಡಿದ ಒಂದು ತಪ್ಪು ಹೇಳಿ. ನೋಟ್‌ಬುಕ್ಕಿನ ಮೂರನೆಯ ಘಟನೆ. 2011ರಲ್ಲಿ ಒಂದು ರಾತ್ರಿ ಪಾಳಿಯಲ್ಲಿ 50 ಮಿಲಿಲೀಟರ್ ಫ್ಲಾಸ್ಕ್ ಬದಲು 100ರದ್ದು ಎತ್ತಿಕೊಂಡಿದ್ದೆ. ಫಲಿತಾಂಶ ಅರ್ಧಕ್ಕೆ ಬಂತು. ಯಾರೂ ನೋಡಿರಲಿಲ್ಲ. ಸದ್ದಿಲ್ಲದೆ ಮತ್ತೊಂದು ಮಾಡಿಬಿಡಬಹುದಿತ್ತು. ಫ್ಲಾಸ್ಕನ್ನು ಹಾಗೇ ಇಟ್ಟು ಪಾಳಿಯ ಮುಖ್ಯಸ್ಥರನ್ನು ಎಬ್ಬಿಸಿದೆ. ಬೈಸಿಕೊಂಡೆ. ಬ್ಯಾಚ್ ಒಂದು ರಾತ್ರಿ ನಿಂತಿತು. ಆಮೇಲೆ ದ್ರಾವಣ ಮಾಡುವ ಮೊದಲೇ ಫ್ಲಾಸ್ಕಿನ ಅಳತೆ, ಗುರುತಿನ ಸಂಖ್ಯೆ ಬರೆಯುವ ಅಂಕಣವೊಂದನ್ನು ವರ್ಕ್‌ಶೀಟಿಗೆ ಸೇರಿಸೋಣವೆಂದು ಸೂಚಿಸಿದೆ, ಒಪ್ಪಿಕೊಂಡರು. "ಸೂಚಿಸಿದವಳು ನಾನು" ಎಂದು ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಆದರೂ ಹೇಳಿದೆ.

ಗೊತ್ತಿಲ್ಲದ್ದೂ ಬಂತು. ಅವರ ಲ್ಯಾಬಿನ ಹೊಸ ಸಾಫ್ಟ್‌ವೇರ್ ಬಗ್ಗೆ ಕ್ಯೂಸಿಯವರು ಕೇಳಿದರು. "ಇದನ್ನು ಬಳಸಿಲ್ಲ. ಇದರ ಹಳೆಯ ಆವೃತ್ತಿ ಬಳಸಿದ್ದೇನೆ. ಆಡಿಟ್ ಟ್ರೇಲ್ ಏಕೆ ನೋಡಬೇಕು, ಏನು ನೋಡಬೇಕು ಎಂಬುದು ಗೊತ್ತು. ಹೊಸ ಪರದೆ ಕಲಿಯಬೇಕು" ಎಂದೆ. ಅಷ್ಟೇ. ಗೊತ್ತಿದ್ದಂತೆ ನಟಿಸಿದ್ದರೆ ಮುಂದಿನ ಎರಡು ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಿದ್ದೆ, ಆಮೇಲೆ ನಿಜ ಹೇಳಿದ್ದನ್ನೂ ಯಾರೂ ನಂಬುತ್ತಿರಲಿಲ್ಲ.

ಏಳು ವರ್ಷದ ಪ್ರಶ್ನೆ ಬಂದೇ ಬಂತು. ಉತ್ತರವನ್ನು ನಾಲ್ಕು ವಾಕ್ಯಕ್ಕೆ ಇಳಿಸಿಕೊಂಡಿದ್ದೆ: "ಮಗು ಚಿಕ್ಕದಿತ್ತು, ಮಾವನವರು ಹಾಸಿಗೆ ಹಿಡಿದಿದ್ದರು, ನೋಡಿಕೊಂಡೆ. ಆ ಹೊಣೆ ಈಗ ಮುಗಿದಿದೆ. ಈ ಅವಧಿಯಲ್ಲಿ ಬದಲಾದ ನಿಯಮಗಳನ್ನು ಓದಿಕೊಂಡಿದ್ದೇನೆ. ಶೆಡ್ಯೂಲ್ ಎಂ ಬಗ್ಗೆ ಕೇಳಬಹುದು." ಸಾರಿ ಎನ್ನಲಿಲ್ಲ. ಹೇಳಿ ನಿಲ್ಲಿಸಿದೆ. ಕೋಣೆಯಲ್ಲಿ ಕೆಲವು ಕ್ಷಣ ಮೌನ. ಆ ಮೌನವನ್ನು ತುಂಬಲು ನಾಲಿಗೆ ತುರಿಸುತ್ತಿತ್ತು. ಮೇಜಿನ ಕೆಳಗೆ ಹೆಬ್ಬೆರಳನ್ನು ಅದುಮಿ ಹಿಡಿದು ಸುಮ್ಮನಿದ್ದೆ. ಎಚ್‌ಆರ್‌ನವರು "ಪಾಳಿ ಕೆಲಸಕ್ಕೆ ಮನೆಯಲ್ಲಿ ತೊಂದರೆ ಆಗುವುದಿಲ್ಲವೇ?" ಎಂದು ಕೇಳಿದರು. "ವ್ಯವಸ್ಥೆ ಮಾಡಿಕೊಂಡೇ ಅರ್ಜಿ ಹಾಕಿದ್ದೇನೆ. ತಿಂಗಳಿಗೆ ಎಷ್ಟು ರಾತ್ರಿ ಪಾಳಿ ಇರುತ್ತದೆ?" ಎಂದೆ. ಮಾತು ನನ್ನ ಮನೆಯಿಂದ ಕಾರ್ಖಾನೆಗೆ ಬಂತು. ಮನೆಯೊಳಗಿನ ಪ್ರಶ್ನೆಗಳನ್ನು ಕೆಲಸದ ಕಡೆಗೆ ತಿರುಗಿಸಿ ಉತ್ತರಿಸಬಹುದು ಎಂದು ಅವತ್ತು ಕಲಿತೆ.

ಕೊನೆಗೆ, ನಿಮ್ಮ ಪ್ರಶ್ನೆ ಏನಾದರೂ ಇದೆಯೇ ಎಂದರು. ಮೊದಲ ಸಲ "ಇಲ್ಲ" ಎಂದು ಎದ್ದಿದ್ದೆ. ಈ ಸಲ ಕೇಳಿದೆ: "ಈ ಹುದ್ದೆಗೆ ಬಂದವರು ಮೊದಲ ಆರು ತಿಂಗಳಲ್ಲಿ ಏನು ಮಾಡಿ ತೋರಿಸಿದರೆ ನಿಮಗೆ ಸಮಾಧಾನ?" ಅಲ್ಲಿಯವರೆಗೆ ಲ್ಯಾಪ್‌ಟಾಪಿನಲ್ಲೇ ಇದ್ದವರು ತಲೆ ಎತ್ತಿದರು. ಅವರೇ ಕಾರ್ಖಾನೆಯ ಮುಖ್ಯಸ್ಥರು. ಹತ್ತು ನಿಮಿಷ ಅವರೊಬ್ಬರೇ ಮಾತಾಡಿದರು.

ಹನ್ನೆರಡು ದಿನದ ಮೇಲೆ ಕೆಲಸ ಸಿಕ್ಕಿತು. ಬಿಟ್ಟುಬಂದ ಹುದ್ದೆಗಿಂತ ಒಂದು ಮೆಟ್ಟಿಲು ಕೆಳಗೆ, ನಾನು ಕೇಳಿದ್ದಕ್ಕಿಂತ ಕಡಿಮೆ ಸಂಬಳಕ್ಕೆ. ಸ್ವಲ್ಪ ಬೇಜಾರಾಯಿತು. ಒಂದು ವರ್ಷದ ಮೇಲೆ ಮರುಪರಿಶೀಲನೆ ಮಾಡುತ್ತೇವೆ ಎಂಬುದನ್ನು ಬರಹದಲ್ಲಿ ಕೇಳಿದೆ, ಕೊಟ್ಟರು. ಆ ಎರಡನೆಯ ತಿಂಗಳಲ್ಲೇ ನಮ್ಮ ಮನೆಯವರ ಕಂಪನಿಯ ಮೂರನೆಯ ಪಟ್ಟಿ ಹೊರಬಿತ್ತು. ಅದರಲ್ಲಿ ಅವರ ಹೆಸರಿತ್ತು. ಅವರಿಗೆ ಬೇರೆ ಕೆಲಸ ಸಿಗುವವರೆಗಿನ ಐದು ತಿಂಗಳು ಮನೆಯ ಕಂತು ನನ್ನ ಸಂಬಳದಲ್ಲೇ ಹೋಯಿತು. ಅವರ ಇಂಟರ್‌ವ್ಯೂಗೂ ಕಾಕಾ ಮನೆಯ ಕುರ್ಚಿಗಳು ಸಾಲಾದವು. ಈ ಸಲ ನಾನು ಮೇಜಿನ ಆಚೆ ಇದ್ದೆ.

ಕಳೆದ ವರ್ಷ ನನ್ನನ್ನೂ ಒಂದು ಪ್ಯಾನೆಲ್‌ನಲ್ಲಿ ಕೂರಿಸಿದರು, ಐವರಲ್ಲಿ ಕಿರಿಯಳಾಗಿ. ಆಗ ಕೆಲವು ಗುಟ್ಟು ತಿಳಿದವು. ಬೆಳಿಗ್ಗೆಯಿಂದ ಕೂತ ನಮಗೇ ಬೆನ್ನು ನೋಯುತ್ತಿರುತ್ತದೆ. ಪ್ರತಿ ಸಲ ಬಾಗಿಲು ತೆರೆದಾಗ "ಇವರಾದರೂ ಸರಿಹೋಗಲಪ್ಪಾ" ಎಂದೇ ನಾವು ಬಯಸುತ್ತಿರುತ್ತೇವೆ. ಲ್ಯಾಪ್‌ಟಾಪಿನಿಂದ ತಲೆ ಎತ್ತದವರು ಸಿಟ್ಟಿನಲ್ಲಿರುವುದಿಲ್ಲ, ನೀವು ಹೇಳಿದ್ದನ್ನು ಟೈಪ್ ಮಾಡುತ್ತಿರುತ್ತಾರೆ. ನಗುವವರೆಲ್ಲ ನಿಮ್ಮ ಪರವಲ್ಲ, ಗಂಟುಮೋರೆಯವರೆಲ್ಲ ನಿಮ್ಮ ವಿರುದ್ಧವೂ ಅಲ್ಲ. ಅಂಕ ಹಾಕುವಾಗ ನೆನಪಿನಲ್ಲಿ ಉಳಿಯುವುದು ಅಭ್ಯರ್ಥಿ ಹೇಳಿದ ಘಟನೆಗಳು.

ಅವತ್ತು ಮಧ್ಯಾಹ್ನ ಬಂದವನು ನಮ್ಮ ಕಲ್ಯಾಣ ಕರ್ನಾಟಕದ ಹುಡುಗ. ಬಯೋಡೇಟಾದಲ್ಲಿ ಊರು ನೋಡಿ ನನ್ನ ಮನಸ್ಸು ಮಿಡುಕಿತು. ಆದರೆ ಕನ್ನಡದಲ್ಲಿ ಒಂದು ಮಾತೂ ಆಡಲಿಲ್ಲ. ಮೇಜಿನ ಆಚೆ ಕೂತಾಗ ಅದು ಸರಿಯಲ್ಲ. ಅವನು ಬ್ಯಾಗನ್ನು ತೊಡೆಯ ಮೇಲಿಟ್ಟು ಅವಚಿಕೊಂಡಿದ್ದ. ಒಳ್ಳೆಯ ಕೆಲಸವನ್ನೇ ಮಾಡಿದ್ದ, ಎಲ್ಲವನ್ನೂ "ವಿ ಡಿಡ್, ವಿ ಡಿಡ್" ಎಂದೇ ಹೇಳುತ್ತಿದ್ದ. ಪಕ್ಕದವರ ಅಂಕಪಟ್ಟಿಯಲ್ಲಿ ಪೆನ್ನು ಓಡುತ್ತಿರಲಿಲ್ಲ.

ನನ್ನ ಸರದಿ ಬಂದಾಗ, ಅವತ್ತು "ನಾವು" ಎಂದ ಎಲ್ಲರಿಗೂ ಕೇಳಿದ್ದ ಪ್ರಶ್ನೆಯನ್ನೇ ಅವನಿಗೂ ಕೇಳಿದೆ: "ಇದರಲ್ಲಿ ನಿಮ್ಮ ಪಾಲು ಯಾವುದು?" ಅವನು ಒಂದು ಕ್ಷಣ ತಡೆದ. ಬ್ಯಾಗನ್ನು ಕೆಳಗಿಟ್ಟ. ಆಮೇಲೆ ಹೇಳತೊಡಗಿದ. ಪಕ್ಕದ ಪೆನ್ನು ಬರೆಯತೊಡಗಿತು.